ಆ ದಿನದ ನೀರಿನ ಮಟ್ಟ

ಮಗಳು ಸುಧಾ ಹೊಸ ಕಂಪ್ಯೂಟರು ಕೊಂಡಳು, ಹಳೆಯದು ನನಗೆ ಬಂತು. ಹಿಂದೆ ತಾಯಿಯ ಹಳೆಯ ಸೀರೆ ಮಗಳಿಗೆ ಬರುತ್ತಿತ್ತು, ಈಗ ಮಗಳ ಹಳೆಯ ಕಂಪ್ಯೂಟರು ತಾಯಿಗೆ ಬರುತ್ತದೆ. ಎಲ್ಲಿ ಹರಿದಿದೆ ಎಂಬುದು ಎರಡರಲ್ಲೂ ಉಟ್ಟ ಮೇಲೆಯೇ ಗೊತ್ತಾಗುವುದು. ಅದರ ಜೊತೆಗೆ ಅಂಗೈಯಗಲದ ಒಂದು ಕರಿಯ ಡಬ್ಬಿಯನ್ನೂ ಕೊಟ್ಟಳು. ಅದಕ್ಕೆ ಡ್ರೈವ್ ಎನ್ನುತ್ತಾರೆ. ಅವಳಿಗೆ ಬೇಡವಾಗಿ ಉಳಿದದ್ದು. "ಇದರಾಗ ನಿನ್ನ ಫೋಟೋ ಗೀಟೋ ಎಲ್ಲಾ ಇಟ್ಕೊ ಅವ್ವಾ, ಭಾಳ ಜಾಗಾ ಐತಿ" ಎಂದಳು. ಕೊಪ್ಪಳದ ಶಾಲೆಯೊಂದರಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ನಿವೃತ್ತಳಾದ ನನಗೆ ಇಡುವಂಥದ್ದು ಎಷ್ಟಿದ್ದೀತು? ಶಾಲೆಯ ಗುಂಪು ಫೋಟೋಗಳು, ಮದುವೆಯ ಫೋಟೋಗಳು, ಹಳೆಯ ಟ್ರಂಕಿನಲ್ಲಿದ್ದ ಇನ್ನೊಂದೆರಡು. ಎಲ್ಲವನ್ನೂ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಆ ಡಬ್ಬಿಗೆ ತುಂಬಿಸಿದೆ. ಮುಕ್ಕಾಲು ಭಾಗ ಇನ್ನೂ ಖಾಲಿಯೇ ಇದೆ. ನನ್ನ ಬದುಕು ಇಷ್ಟೇ ಜಾಗಕ್ಕೆ ಮುಗಿಯಿತಲ್ಲ ಎಂದು ಸ್ವಲ್ಪ ಅವಮಾನವೂ ಆಯಿತು.

ತೊಂದರೆ ಶುರುವಾದದ್ದು ಮೊಮ್ಮಗಳಿಂದ. ಅವಳು ಏನನ್ನೋ ಹುಡುಕಲು ಹೋಗಿ, ಒತ್ತಬಾರದ ಕಡೆ ಒತ್ತಿ, ಒಂದು ಫೋಟೋ ತೆರೆದಳು. ಕಿಟ್ಟನೆ ಚೀರಿ ತಾಯಿ ಸುಧಾಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮರುದಿನ ಸುಧಾ ಬಂದು ನನ್ನ ಪಕ್ಕ ಕೂತಳು. "ಅವ್ವಾ, ಆ ಕಣ್ಣಿನ ಫೋಟೋ ನೋಡಿ ಹುಡುಗಿ ಹೆದರಿ ನಿದ್ದೀ ಮಾಡವಲ್ದು. ಅದಕ್ಕೊಂದು ಪಾಸ್‌ವರ್ಡ್ ಹಾಕಿ ಕೀಲಿ ಜಡದುಬಿಡು. ನಿನಗ ಬೇಕಾದಾಗ ನೀ ನೋಡ್ಕೊ. ಹುಡುಗರ ಕಣ್ಣಿಗೆ ಬೀಳೂದು ಬ್ಯಾಡ." ಹೇಗೆ ಹಾಕಬೇಕು ಎಂದೂ ತೋರಿಸಿದಳು. ಪಾಸ್‌ವರ್ಡ್ ಕೊಟ್ಟರೆ ಒಳಗಿದ್ದ ಫೋಟೋಗಳನ್ನೆಲ್ಲ ಕಂಪ್ಯೂಟರು ತಲೆಬುಡ ತಿಳಿಯದಂತೆ ಕಲಸಿ ಇಡುತ್ತದಂತೆ. ಆ ಪಾಸ್‌ವರ್ಡ್ ಹೇಳಿದವರಿಗೆ ಮಾತ್ರ ಮತ್ತೆ ಮೊದಲಿನಂತೆ ಜೋಡಿಸಿ ಕೊಡುತ್ತದಂತೆ. ಅವಳು ಕಚೇರಿಗೆ ಹೋದ ಮೇಲೆ ನಾನು ಕನ್ನಡಕ ಏರಿಸಿಕೊಂಡು ಕೂತೆ. ತೆರೆಯ ಮೇಲೆ ಒಂದು ಎಚ್ಚರಿಕೆ ಬಂತು. ಈ ಪಾಸ್‌ವರ್ಡನ್ನು ಮರೆತರೆ ಒಳಗಿರುವುದನ್ನು ಯಾರೂ, ಯಾವ ರೀತಿಯಿಂದಲೂ ತೆರೆಯಲಾರರು, ಮುಂದುವರಿಯುವುದೇ ಎಂದು ಅದರ ಅರ್ಥ. ನಾನು ಕೈ ಹಿಂದೆ ತೆಗೆದುಕೊಂಡೆ.

ಪಾಸ್‌ವರ್ಡುಗಳಿಗೂ ನನಗೂ ಮೊದಲಿನಿಂದ ಆಗಿಬರುವುದಿಲ್ಲ, ಅದು ಬೇರೆ ಮಾತು. ಒಂದನ್ನು ಮರೆತಾಗ ಕಂಪ್ಯೂಟರು ನನ್ನನ್ನು ಪರೀಕ್ಷೆ ಮಾಡಿತು. ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು ಎಂದು ಕೇಳಿತು. ನಮ್ಮ ಮನೆಯಲ್ಲಿದ್ದದ್ದು ಒಂದು ಆಡು. ಅದಕ್ಕೆ ಆಡು ಎಂದೇ ಹೆಸರು. ಆಡು ಎಂದು ಬರೆದೆ, ಒಪ್ಪಲಿಲ್ಲ. ಮೊದಲ ಸಲ ಏನು ಬರೆದು ಕೊಟ್ಟಿದ್ದೆನೋ, ಯಾವ ಆಡಿಗೆ ಯಾವ ಹೆಸರಿಟ್ಟಿದ್ದೆನೋ! ಸುಧಾ ನಕ್ಕಳು, ನಾನೂ ನಕ್ಕೆ. ಆದರೆ ಈ ಸಲ ಆ ಎಚ್ಚರಿಕೆಯನ್ನು ಓದಿದಾಗ ನಗು ಬರಲಿಲ್ಲ. ಮುನಿರಾಬಾದಿನ ಕಾಲನಿಯ ಮನೆ ಕಣ್ಣ ಮುಂದೆ ಬಂತು. ಮಂಚದ ಕೆಳಗೆ ಒಂದು ಟ್ರಂಕು. ಅದಕ್ಕೆ ಜೋತುಬಿದ್ದ ಒಂದು ಬೀಗ.

ನಮ್ಮ ಅಪ್ಪನಿಗೆ ಬೀಗದ, ನಮ್ಮ ಕಡೆಯ ಮಾತಿನಲ್ಲಿ ಕೀಲಿಯ, ಹುಚ್ಚು. ಸೈಕಲ್ಲಿಗೆ ಸರಪಳಿ ಸುತ್ತಿ ಎರಡು ಬೀಗ. ರೇಡಿಯೋಕ್ಕೆ ಕಟ್ಟಿಗೆಯ ಪೆಟ್ಟಿಗೆ ಮಾಡಿಸಿ ಅದಕ್ಕೊಂದು ಬೀಗ. ಕೊಬ್ಬರಿ ಬೆಲ್ಲ ಇಡುವ ಡಬ್ಬಿಗೂ ಒಂದು ಸಣ್ಣ ಬೀಗ ಇತ್ತು, ಅದು ನನ್ನ ಸಲುವಾಗಿ. ಊರಿಗೆ ಹೊರಟಾಗ ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬಸ್ ನಿಲ್ದಾಣದ ತನಕ ಹೋಗಿ, ಮತ್ತೆ ಹಿಂದೆ ಬಂದು ಇನ್ನೊಮ್ಮೆ ಜಗ್ಗಿ ನೋಡುವನು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಇಷ್ಟೆಲ್ಲ ಮಾಡಿ, ಎಲ್ಲ ಬೀಗಗಳ ಕೀಲಿಕೈಗಳನ್ನು ತಂದು ಕೊಡುತ್ತಿದ್ದದ್ದು ಅವ್ವನ ಕೈಗೆ. ಅವಳು ಅವನ್ನು ಒಂದು ಗೊಂಚಲು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಅವಳು ಅಡಿಗೆಮನೆಯಿಂದ ಪಡಸಾಲೆಗೆ ಬಂದರೆ ಮೊದಲು ಆ ಗೊಂಚಲಿನ ಸಪ್ಪಳ ಬರುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಬೀಗ ಅಪ್ಪನದು, ಅಧಿಕಾರ ಅವ್ವನದು.

ಅಪ್ಪನ ಕೆಲಸ ಡ್ಯಾಮಿನ ನೀರು ನೋಡುವುದು. ನೀರಾವರಿ ಕಚೇರಿಯಲ್ಲಿ ಅವನು ಸಣ್ಣ ನೌಕರ. ಬೆಳಿಗ್ಗೆ ಎದ್ದು ಕಟ್ಟೆಗೆ ಹೋಗಿ, ನೀರಳೆಯುವ ಗೇಜು ನೋಡಿ, ಕಚೇರಿಯ ಗೇಟಿನ ಹತ್ತಿರ ಇದ್ದ ಕರಿಹಲಗೆಯ ಮೇಲೆ ಆ ದಿನದ ನೀರಿನ ಮಟ್ಟವನ್ನು ಸೀಮೆಸುಣ್ಣದಿಂದ ಬರೆಯಬೇಕು. ಬರೆಯುವ ಮೊದಲು ನಿನ್ನೆಯದನ್ನು ಒದ್ದೆ ಅರಿವೆಯಿಂದ ಅಳಿಸಬೇಕು. ಕಾಲನಿಯವರೆಲ್ಲ ಬಾಯಲ್ಲಿ ಅದೇ ಅಂಕಿ ಹಿಡಿದುಕೊಂಡು ಓಡಾಡುತ್ತಿದ್ದರು. ಸಾವಿರದ ಆರುನೂರು ಅಡಿ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ, ಅದನ್ನು ಯಾರೂ ಹೇಳುತ್ತಿರಲಿಲ್ಲ. ಮೇಲಿನದನ್ನು ಮಾತ್ರ ಹೇಳುವುದು. "ಇವತ್ತ ಎಷ್ಟರಿ?" ಎಂದು ಒಬ್ಬರು ಕೇಳಿದರೆ "ಇಪ್ಪತ್ತೊಂದು ಪಾಯಿಂಟ್ ನಾಕು" ಎಂದು ಇನ್ನೊಬ್ಬರು. ಬೇರೆ ಊರುಗಳಲ್ಲಿ ಊಟ ಆಯಿತೇ ಎಂದು ಕೇಳುವ ಜಾಗದಲ್ಲಿ ನಮ್ಮಲ್ಲಿ ಇದು. ಶಾಲೆಯಲ್ಲಿ ಗುರುಗಳೂ ಪಾಠಕ್ಕೆ ಮೊದಲು ನನ್ನನ್ನೇ ಕೇಳುತ್ತಿದ್ದರು. ನಾನು ಎದ್ದು ನಿಂತು ಹೇಳುತ್ತಿದ್ದೆ. ನೀರು ನಮ್ಮಪ್ಪನೇ ಬಿಡುತ್ತಾನೆ ಎಂಬಷ್ಟು ಸೊಕ್ಕು ನನಗೆ. ಆದರೆ ನಿನ್ನೆಯ ಅಂಕಿ ಕೇಳಿದರೆ ನನಗೂ ಗೊತ್ತಿಲ್ಲ, ಕಾಲನಿಯಲ್ಲಿ ಯಾರಿಗೂ ಗೊತ್ತಿಲ್ಲ. ಅಳಿಸಿದ್ದು ಹೋಯಿತು.

ನನಗೊಬ್ಬ ತಂಗಿ ಇದ್ದಳು, ಗಿರಿಜಾ. ನನಗಿಂತ ಐದಾರು ವರ್ಷ ಸಣ್ಣವಳು. ಅಪ್ಪನಿಗೆ ಅವಳೆಂದರೆ ಜೀವ. ಊರವರೆಲ್ಲ ಹಿರಿಯ ಮಗುವಿನ ಹೆಸರು ಹಿಡಿದು ಹೆಂಡತಿಯನ್ನು ಕರೆದರೆ, ಅಪ್ಪ ನನ್ನನ್ನು ಬಿಟ್ಟು "ಗಿರಿಜಾನ ಅವ್ವಾ" ಎಂದು ಕರೆಯುತ್ತಿದ್ದ. ನನಗೆ ಹೊಟ್ಟೆಕಿಚ್ಚು. ಆ ಹೊಟ್ಟೆಕಿಚ್ಚು ಪೂರ್ತಿ ಉರಿಯುವ ಮೊದಲೇ ಅವಳು ಹೋದಳು. ಮೂರು ದಿನದ ಜ್ವರ ಅಷ್ಟೇ. ಡಾಕ್ಟರು ಬಂದರು, ಸೂಜಿ ಮಾಡಿದರು, ನದಿ ದಾಟಿ ಹೊಸಪೇಟೆಗೆ ಒಯ್ಯಿರಿ ಎಂದರು. ಗಾಡಿ ಬರುವುದರೊಳಗೆ ಮುಗಿದಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ಸರ ಹಾಕಿ, ಎಲ್ಲರೂ ಸುತ್ತ ಕೂತಿರುತ್ತಾರೆ. ಆ ಕಾಲಕ್ಕೆ ಎಷ್ಟೋ ಜನರ ಜೀವಮಾನದ ಮೊದಲ ಫೋಟೋ ಅಂದೇ ತೆಗೆಯುತ್ತಿದ್ದದ್ದು. ಬದುಕಿದ್ದಾಗ ಯಾಕೆ ಖರ್ಚು ಎಂದು ಬಿಟ್ಟಿರುತ್ತಿದ್ದರು. ನಾವೂ ಬಿಟ್ಟಿದ್ದೆವು. ಗಿರಿಜಾಳದು ಒಂದೇ ಒಂದು ಫೋಟೋ ಇರಲಿಲ್ಲ. ಅಪ್ಪ ಯಾರನ್ನೋ ಸೈಕಲ್ಲಿನ ಮೇಲೆ ಹೊಸಪೇಟೆಗೆ ಓಡಿಸಿ ಸ್ಟುಡಿಯೋದವನನ್ನು ಕರೆಸಿದ. ಸಣ್ಣ ಕೂಸು ಗೋಡೆಗೆ ಒರಗಿ ಕೂರಲಿಲ್ಲ, ಜಾರುತ್ತಿತ್ತು. ಅದಕ್ಕೆ ಎರಡೂ ಕಡೆ ದಿಂಬು ಕೊಟ್ಟರು. ಫೋಟೋದವನು ಕರಿಯ ಅರಿವೆಯೊಳಗೆ ತಲೆ ತೂರಿಸಿ, ಹೊರಗೆ ತೆಗೆದು, ಅಪ್ಪನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಸಾಹೇಬ್ರ, ಕಣ್ಣು ತೆರಸಲೇನ್ರಿ?"

ಹಾಗೆಂದರೆ ಫೋಟೋದ ಮೇಲೆ ಬಣ್ಣದಿಂದ ಕಣ್ಣು ಬರೆಯುವುದು. ಸತ್ತವರು ಜೀವಂತ ಕೂತು ನೋಡುತ್ತಿದ್ದಾರೆ ಎನ್ನುವಂತೆ ಕಾಣಬೇಕು. ನಮ್ಮ ಕಡೆಯ ಮನೆಗಳಲ್ಲಿ ಗೋಡೆಯ ಮೇಲಿರುವ ಹಳೆಯ ಹಿರಿಯರು ಯಾಕೆ ಹಾಗೆ ದುರುಗುಟ್ಟಿ ನೋಡುತ್ತಾರೆ ಎಂದು ನಿಮಗೆ ಎಂದಾದರೂ ಅನ್ನಿಸಿದ್ದರೆ, ಕಾರಣ ಇದೇ. ಅಪ್ಪ ಕೂಸಿನ ಕಡೆ ನೋಡಿ "ತೆರಸ್ರಿ" ಎಂದ.

ವಾರದ ಮೇಲೆ ಕಟ್ಟು ಹಾಕಿದ ಫೋಟೋ ಬಂತು. ನಮ್ಮ ಗಿರಿಜಾಳ ಸಣ್ಣ ಮುಖದಲ್ಲಿ ದೊಡ್ಡ ದೊಡ್ಡ ಕಣ್ಣು. ಕ್ಯಾಲೆಂಡರಿನ ದೇವಿಗೆ ಬರೆದಂಥ ಕಣ್ಣು, ಸುತ್ತ ಕಾಡಿಗೆ ಬೇರೆ. ನನಗೆ ಅವಳಲ್ಲ ಅನ್ನಿಸಿತು. ಅವ್ವ ಮಾತ್ರ ಫೋಟೋವನ್ನು ಎದೆಗೆ ಒತ್ತಿಕೊಂಡು "ನೋಡ್ರಿ, ನನ್ನ ನೋಡಾಕತ್ತಾಳ" ಎಂದಳು. ಅಂದಿನಿಂದ ಊಟದ ಹೊತ್ತಿಗೆ ಆ ಫೋಟೋ ಅವಳ ಪಕ್ಕದಲ್ಲಿ ಮಣೆಯ ಮೇಲೆ. ಅದರ ಮುಂದೊಂದು ತಾಟು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಗಾಜಿಗೆ ಹಿಡಿಯುತ್ತಿದ್ದಳು. ಗಾಜಿನ ಮೇಲೆ ಹಾಲು ಇಳಿಯುತ್ತಿತ್ತು, ಸೆರಗಿನಿಂದ ಒರೆಸುತ್ತಿದ್ದಳು. ತಾನು ಉಣ್ಣುವುದನ್ನು ಬಿಟ್ಟಳು. ನನಗೆ ಜಡೆ ಹಾಕುವುದನ್ನೂ ಬಿಟ್ಟಳು. ನಾನು ಕೂದಲು ಕೆದರಿಕೊಂಡು ಶಾಲೆಗೆ ಹೋಗುತ್ತಿದ್ದೆ. ಯಾರೂ ಏನೂ ಅನ್ನುತ್ತಿರಲಿಲ್ಲ, ಅದೇ ಹೆಚ್ಚು ನೋಯುತ್ತಿತ್ತು.

ಯಲಬುರ್ಗಾದಿಂದ ಅಜ್ಜಿ, ಅವ್ವನ ತಾಯಿ, ಬಂದು ನಾಲ್ಕು ದಿನ ಇದ್ದು ಎಲ್ಲ ನೋಡಿದಳು. ಹೋಗುವಾಗ ಬಾಗಿಲ ಮರೆಯಲ್ಲಿ ನಿಂತು ಅಪ್ಪನಿಗೆ ಹೇಳಿದಳು. "ಅಳಿಯಂದ್ರ, ಆ ಫೋಟೋ ಆಕಿ ಕಣ್ಣಿಗೆ ಬೀಳದಂಗ ಮಾಡ್ರಿ. ಇಲ್ಲಾಂದ್ರ ನನ್ನ ಮಗಳೂ ಆ ಕೂಸಿನ ಹಿಂದ ಹೊಕ್ಕಾಳ."

ಅಪ್ಪ ಫೋಟೋವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಅವ್ವ ಸೊಂಟದ ಗೊಂಚಲಿನಿಂದ ಕೀಲಿಕೈ ತೆಗೆದು ಬೀಗ ತೆರೆದಳು. ಇನ್ನೊಂದು ಬೀಗ ಹಾಕಿದ, ಕೀಲಿಕೈಯನ್ನು ಕಚೇರಿಗೆ ಒಯ್ದ. ಅವ್ವ ಗೇಟಿನ ಹತ್ತಿರ ಹೋಗಿ ಕರಿಹಲಗೆಯ ಕೆಳಗೆ ಕೂತಳು. ಜನ ನೀರಿನ ಮಟ್ಟ ನೋಡಲು ಬಂದವರು ಅವಳನ್ನು ನೋಡಿದರು. ಅಪ್ಪ ಕೀಲಿಕೈ ಕೊಟ್ಟ. ಕೀಲಿಕೈ ಇರುವ ತನಕ ಅದು ಅವಳಿಗೆ ಸಿಕ್ಕೇ ಸಿಗುತ್ತದೆ ಎಂದು ಅವನಿಗೆ ಅರ್ಥವಾಗಿರಬೇಕು. ಒಂದು ದಿನ ಹೊಸಪೇಟೆಯಿಂದ ಕೀಲಿಕೈಯೇ ಇಲ್ಲದ ಬೀಗ ತಂದ. ಅದಕ್ಕೆ ಮೂರು ಉಂಗುರ, ಉಂಗುರದ ಮೇಲೆ ಅಂಕಿಗಳು. ಮೂರನ್ನೂ ಸರಿಯಾಗಿ ತಿರುವಿ ನಿಲ್ಲಿಸಿದರೆ ಮಾತ್ರ ತೆರೆಯುವುದು. ಅಂಥದ್ದನ್ನು ಕಾಲನಿಯಲ್ಲಿ ಯಾರೂ ನೋಡಿರಲಿಲ್ಲ. ಬೇರೆ ಹೊತ್ತಿನಲ್ಲಾಗಿದ್ದರೆ ಅಪ್ಪ ಅದನ್ನು ಹತ್ತು ಮಂದಿಗೆ ತೋರಿಸಿ ಮೆರೆಯುತ್ತಿದ್ದ. ಅವತ್ತು ನಮಗೆ ಬೆನ್ನು ತಿರುಗಿಸಿ ಕೂತು, ಉಂಗುರ ತಿರುವಿ, ಕಟ್ಟನೆ ಒತ್ತಿದ. ಈಗ ಕೀಲಿಕೈ ಇದ್ದದ್ದು ಅವನ ತಲೆಯೊಳಗೆ. ಅಲ್ಲಿಗೆ ಅವ್ವನ ಕೈ ಹೋಗುವಂತಿರಲಿಲ್ಲ.

ಆಮೇಲೆ ಅವ್ವ ಉಣ್ಣತೊಡಗಿದಳು ಎಂಬುದು ನಿಜ. ನನಗೆ ಜಡೆಯನ್ನೂ ಹಾಕಿದಳು. ಅಜ್ಜಿ ಗೆದ್ದಳು, ಅಪ್ಪ ಗೆದ್ದ. ಆದರೆ ಮಧ್ಯಾಹ್ನ ಅಪ್ಪ ಕಚೇರಿಯಲ್ಲಿರುವಾಗ ಅವ್ವ ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು ಅದರ ಮುಂದೆ ಕೂರುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆ ಅಂಕಿಗಳು ಅವಳಿಗೆ ಬರೀ ಗೀರು. ಜೋಳ ಹಸನು ಮಾಡುವ ಕೈಯಿಂದ ಉಂಗುರಗಳನ್ನು ಸುಮ್ಮನೆ ತಿರುವುತ್ತಿದ್ದಳು. ನಾನು ಶಾಲೆಯಿಂದ ಬಂದರೆ ನನ್ನನ್ನೂ ಕೂರಿಸುತ್ತಿದ್ದಳು. "ನೀ ಸಾಲಿ ಕಲಿಯಾಕಿ, ಶಾಂತಾ. ನಿನಗ ಅಂಕಿ ಗೊತ್ತದಾವು. ತಿರುವಿ ನೋಡವ್ವಾ." ನಾನು ಸೊನ್ನೆಯಿಂದ ಶುರು ಮಾಡುತ್ತಿದ್ದೆ. ಸ್ವಲ್ಪ ದೂರ ಹೋಗುವುದರೊಳಗೆ ಅಪ್ಪನ ಸೈಕಲ್ಲಿನ ಸಪ್ಪಳ ಬರುವುದು, ಟ್ರಂಕು ಮಂಚದ ಕೆಳಗೆ ಹೋಗುವುದು. ಮರುದಿನ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ನೆನಪಿರುತ್ತಿರಲಿಲ್ಲ, ಮತ್ತೆ ಸೊನ್ನೆಯಿಂದ. ಮುಂದೆ ಮಕ್ಕಳಿಗೆ ಲೆಕ್ಕ ಕಲಿಸಿ ಸಂಬಳ ತೆಗೆದುಕೊಂಡವಳ ಅಂದಿನ ಪಾಂಡಿತ್ಯ ಇಷ್ಟು.

ಸಂಜೆ ಅವ್ವ ಬೇಡಿಕೊಳ್ಳುವುದು, ಅಪ್ಪ ಬೇಡ ಎನ್ನುವುದು. "ಒಮ್ಮಿ ತೆಗೀರಿ. ನೋಡಿ ಕೊಟ್ಟಬಿಡ್ತೀನಿ. ಉಣಸೂದಿಲ್ಲ, ಏನೂ ಇಲ್ಲ." "ಬ್ಯಾಡ ಅಂದ್ರ ಬ್ಯಾಡ." ಅಷ್ಟು ಹೇಳಿ ಅಪ್ಪ ಎದ್ದು ಹೊರಗೆ ಹೋಗುವನು. ಗಿರಿಜಾಳ ಹೆಸರನ್ನು ಅವನು ಬಾಯಿಂದ ತೆಗೆದದ್ದು ನಾನು ಕೇಳಲಿಲ್ಲ. ಅವ್ವನನ್ನೂ ಆ ಹೆಸರಿನಿಂದ ಕರೆಯುವುದು ನಿಂತಿತ್ತು. ಬರೀ "ಏ ಇಕಿ" ಎನ್ನುತ್ತಿದ್ದ. ಎಂಥ ಕಲ್ಲೆದೆಯ ಮನುಷ್ಯ ಎಂದು ನನಗೆ ಸಿಟ್ಟು ಬರುತ್ತಿತ್ತು.

ಪಕ್ಕದ ಮನೆಯಾಕೆ ಒಮ್ಮೆ, ಸುತ್ತಿಗೆ ತಗೊಂಡು ಒಂದು ಹೊಡೆದರೆ ಮುಗೀತಲ್ಲ ಎಂದಳು. ಅವ್ವ ಅವಳನ್ನು ಕೊಲ್ಲುವಂತೆ ನೋಡಿದಳು. "ಒಳಗ ನನ್ನ ಕೂಸೈತಿ. ಕೂಸಿನ ಮ್ಯಾಲ ಸುತ್ತಿಗಿ ಹೊಡೀಲೇನು?" ಎಂದಳು. ಅದಾದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಅಪ್ಪನಿಗೆ ಗಂಗಾವತಿಗೆ ವರ್ಗವಾಯಿತು. ಕಾಲುವೆಯ ದಂಡೆಯ ಮನೆ. ಹಿಂದೆ ಭತ್ತದ ಗದ್ದೆ, ಮುಂದೆ ಕಾಲುವೆ, ಗೋಡೆಗೆ ಕೈ ಇಟ್ಟರೆ ಕೈ ಒದ್ದೆ. ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗುತ್ತಿತ್ತು, ಕೌದಿಗಳು ಮುಗ್ಗು ವಾಸನೆ ಹೊಡೆಯುತ್ತಿದ್ದವು. ಯಲಬುರ್ಗಾದ ಒಣ ನೆಲದಲ್ಲಿ ಹುಟ್ಟಿದ ಅವ್ವ ಮೊದಮೊದಲು ಆ ನೀರನ್ನು ನೋಡಿ ಸಂತೋಷಪಟ್ಟಳು, ಆಮೇಲೆ ಬೈದಳು. ಟ್ರಂಕು ಅಲ್ಲಿಯೂ ಮಂಚದ ಕೆಳಗೇ ಇತ್ತು. ಬೇಡಿಕೊಳ್ಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ಗಿರಿಜಾ ಹೋದ ದಿನ ಕೇಳುವಳು, ಅಪ್ಪ ಬೇಡ ಎನ್ನುವನು. ನಾನು ಹೈಸ್ಕೂಲು ಮುಗಿಸಿದೆ, ಟೀಚರ ಟ್ರೇನಿಂಗಿಗೆ ಸೇರಿದೆ. ಅಷ್ಟರಲ್ಲಿ ಅಪ್ಪನನ್ನು ಕುಷ್ಟಗಿಗೆ ಹಾಕಿದರು. ಅಲ್ಲಿ ಕಾಲುವೆಯೂ ಇಲ್ಲ, ಡ್ಯಾಮೂ ಇಲ್ಲ. ಕೆರೆಗಳ ಲೆಕ್ಕ ಇಡುವ ಕೆಲಸ, ಕೆರೆಗಳಲ್ಲಿ ನೀರಿಲ್ಲ. "ಬರಿಯಾಕ ಏನೂ ಇಲ್ಲದ ಊರಿಗೆ ಬಂದ್ನಿ" ಎಂದು ಅಪ್ಪ ನಗುತ್ತಿದ್ದ. ಅವನು ನಕ್ಕದ್ದು ನೆನಪಿರುವುದು ಅಷ್ಟೇ.

ಕುಷ್ಟಗಿಯಲ್ಲಿ ಅವ್ವ ಹಾಸಿಗೆ ಹಿಡಿದಳು. ಹೊಟ್ಟೆಯ ಬೇನೆ. ಗದಗಿಗೆ ಕರೆದೊಯ್ದೆವು, ದೊಡ್ಡ ಡಾಕ್ಟರಿಗೆ ತೋರಿಸಿದೆವು. ಮನೆಗೆ ಕರಕೊಂಡು ಹೋಗಿರಿ, ಬೇಕಾದ್ದು ಉಣ್ಣಲಿ ಎಂದರು. ಆ ಮಾತಿನ ಅರ್ಥ ಅವ್ವನಿಗೂ ಗೊತ್ತಾಯಿತು. ಸಾಯುವುದಕ್ಕೆ ಅವಳು ಹೆದರಲಿಲ್ಲ. ಅವಳ ಹೆದರಿಕೆ ಬೇರೆ ಇತ್ತು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಶಾಂತಾ, ಹೋದಲ್ಲಿ ನಾ ಗಿರಿಜಾನ್ನ ಹೆಂಗ ಗುರ್ತು ಹಿಡೀಲಿ? ಮಕಾ ನೆನಪಿಗೆ ಬರವಲ್ದು. ಎಷ್ಟ ಕಣ್ಣ ಮುಚ್ಚಿದ್ರೂ ಬರವಲ್ದು. ಅಲ್ಲಿ ಎಷ್ಟ ಕೂಸು ಇರ್ತಾವೋ. ನನ್ನ ಕೂಸು ಮುಂದ ನಿಂತು ಅವ್ವಾ ಅಂದ್ರೂ, ಯಾರವ್ವಾ ನೀ ಅಂತ ಕೇಳಿಬಿಟ್ರ?"

ನಾನು ಗಂಜಿಯ ಬಟ್ಟಲನ್ನು ಕೆಳಗಿಟ್ಟು ಪಡಸಾಲೆಗೆ ಬಂದೆ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಜೀವಮಾನದಲ್ಲಿ ಅವನಿಗೆ ಎದುರು ಮಾತಾಡದವಳು ಅವತ್ತು ಮಾತಾಡಿದೆ. "ಅಪ್ಪಾ, ಇನ್ನರ ಆ ಕೀಲಿ ತೆಗೀರಿ. ಇನ್ಯಾವಾಗ ತೆಗಿಯವ್ರು?"

ಅಪ್ಪ ಎದ್ದ. ಟ್ರಂಕನ್ನು ಹೊರಗೆ ಎಳೆದ. ಬೀಗವನ್ನು ಕೈಯಲ್ಲಿ ಹಿಡಿದುಕೊಂಡು ಕೂತ. ಹೆಬ್ಬೆರಳಿನಿಂದ ಉಂಗುರಗಳನ್ನು ಉಜ್ಜಿದ, ತಿರುವಲಿಲ್ಲ.

"ನನಗ ನಂಬರ ನೆನಪಿಲ್ಲವಾ" ಎಂದ.

ನನಗೆ ಮೊದಲು ತಿಳಿಯಲಿಲ್ಲ. ಯಾವಾಗಿನಿಂದ ಎಂದು ಕೇಳಿದೆ.

"ಮುನಿರಾಬಾದಿನ್ಯಾಗ ಇದ್ದಾಗಿಂದ. ಕೀಲಿ ತಂದ ದಿನ ಬೋರ್ಡಿನ ಮ್ಯಾಲ ಏನ ಬರದಿದ್ನಿ, ಅದನ್ನ ಇಟ್ಟಿದ್ನಿ. ಅವತ್ತಿನ ನೀರಿನ ಮಟ್ಟ, ಮ್ಯಾಲಿನ ಮೂರ ಅಂಕಿ. ಇದನ್ನೇನ ಮರೀತೀನಿ, ನನ್ನ ಕೈಯಾರೆ ಬರದದ್ದು ಅಂದ್ಕೊಂಡಿದ್ನಿ. ಮರುದಿನ ಅಳಿಸಿ ಬ್ಯಾರೆ ಬರದೆ. ಅದರ ಮರುದಿನ ಮತ್ತ ಬ್ಯಾರೆ. ಸುಗ್ಗಿ ಮುಂದ ಒಂದಿನ ನನಗೂ ಆಕಿನ್ನ ನೋಡಬೇಕನಸ್ತು. ನಿಮ್ಮವ್ವ ನೀರಿಗೆ ಹೋದಾಗ ಕುಂತು, ಆಕಿ ಬರೂದ್ರೊಳಗ ನೆನಪಿಗೆ ಬಂದಷ್ಟು ಅಂಕಿ ತಿರುವಿದೆ. ಬರಲಿಲ್ಲ."

"ಮತ್ತ ಇಷ್ಟ ವರ್ಷ ಬ್ಯಾಡ ಬ್ಯಾಡ ಅಂದ್ರೆಲ್ಲ?"

"ಏನ ಹೇಳ್ಲಿ? ಮಗಳ ಕೀಲಿ ನಂಬರ ಮರತ ಅಂದ್ರ ನಿಮ್ಮವ್ವ ಹೆಂಗ ತಡಕೊಂತಿದ್ಲು? ಅದಕಿಂತಾ ಕಲ್ಲಿನಂಥಾಂವ ಅಂತ ತಿಳ್ಕೊಳ್ಳಿ ಅಂತ ಬಿಟ್ನಿ."

ಇಂಥ ತಪ್ಪನ್ನು ಡ್ಯಾಮಿನ ನೀರು ಬರೆಯುವವನು ಮಾತ್ರ ಮಾಡಬಲ್ಲ. ಬೇರೆ ಯಾರಾದರೂ ಮಗಳು ಹುಟ್ಟಿದ ದಿನ ಇಡುತ್ತಿದ್ದರು, ಮನೆಯ ನಂಬರು ಇಡುತ್ತಿದ್ದರು. ಅಪ್ಪನಿಗೆ ಅಂಕಿ ಎಂದರೆ ಅದೊಂದೇ. ಇಡೀ ಕಾಲನಿಗೆ ಬಾಯಿಪಾಠವಾಗಿದ್ದ ಅಂಕಿ, ಅದನ್ನೇ ಗುಟ್ಟು ಮಾಡಿ ಇಟ್ಟ. ಆಮೇಲೆ ದಿನ ಬೆಳಗಾದರೆ ಒದ್ದೆ ಅರಿವೆ ಹಿಡಿದು ಅದನ್ನು ಅಳಿಸುವುದೇ ಅವನ ಕೆಲಸವಾಗಿತ್ತು. ನಾನು ಬೀಗ ಹಿಡಿದು ನೋಡಿದೆ. ಗಂಗಾವತಿಯ ತೇವಕ್ಕೆ ತುಕ್ಕು ಹಿಡಿದು ಉಂಗುರಗಳು ಒಂದಕ್ಕೊಂದು ಅಂಟಿದ್ದವು. ಈಗ ನೆನಪಾಗಿದ್ದರೂ ಅವು ತಿರುಗುತ್ತಿರಲಿಲ್ಲ.

ಅಪ್ಪ ಕಂಬಾರನ ಮನೆಗೆ ಹೋಗಿ ಉಳಿ ಸುತ್ತಿಗೆ ತಂದ. ಟ್ರಂಕಿನ ಕೆಳಗೆ ಕೌದಿ ಹಾಸಿದ. ಅವ್ವನಿಗೆ ಕೇಳಬಾರದೆಂದು ಬೀಗದ ಮೇಲೂ ಅರಿವೆ ಸುತ್ತಿ ಹೊಡೆದ. ಒಳಗಿನಿಂದ ಅವ್ವ, "ಮೆಲ್ಲಕ ಹೊಡೀರಿ" ಎಂದಳು. ಅವಳಿಗೆ ಎಲ್ಲ ಕೇಳಿತ್ತು.

ಬೀಗ ಮುರಿಯಿತು. ಅರಿವೆಯ ಗಂಟು ಬಿಚ್ಚಿ ಫೋಟೋ ಹೊರಗೆ ತೆಗೆದೆವು. ಗಂಗಾವತಿಯ ಅಷ್ಟೂ ಮಳೆಗಾಲ ಅದರೊಳಗೆ ಸೇರಿತ್ತು. ಕಾಗದ ಗಾಜಿಗೆ ಅಂಟಿ, ಬೂಸರು ತಿಂದು, ಬಿಳಿ ಬಿಳಿ ಕಲೆ. ಮುಖ ಇಲ್ಲ, ಹಣೆ ಇಲ್ಲ, ಹೂವಿನ ಸರ ಇಲ್ಲ, ದಿಂಬೂ ಇಲ್ಲ. ಆ ಬಿಳಿಯ ನಡುವೆ ಎರಡು ಕಣ್ಣು ಮಾತ್ರ ಇದ್ದವು. ಸ್ಟುಡಿಯೋದವನು ದಪ್ಪ ಬಣ್ಣದಿಂದ ಬರೆದದ್ದು ಹಾಗೇ ಉಳಿದಿತ್ತು. ನಮ್ಮದಾಗಿದ್ದದ್ದು ಒಂದೂ ಉಳಿಯಲಿಲ್ಲ. ಈಗ ನನ್ನ ಮೊಮ್ಮಗಳು ನೋಡಿ ಹೆದರಿದ್ದು ಇದನ್ನೇ.

ಅವ್ವನಿಗೆ ತೋರಿಸಲು ನನಗೆ ಧೈರ್ಯ ಬರಲಿಲ್ಲ. ಅಪ್ಪನೇ ಒಯ್ದು ಅವಳ ಕೈಯಲ್ಲಿಟ್ಟ. ನಂಬರು ಮರೆತದ್ದನ್ನೂ ಹೇಳಿದ. ಅವ್ವ ಬೈಯುತ್ತಾಳೆ, ಎದೆ ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಕಣ್ಣುಗಳ ಮೇಲೆ ಬೆರಳಾಡಿಸಿ, "ಇವು ಅಂಗಡಿಯಾಂವ ಕೊಟ್ಟ ಕಣ್ಣು. ಆಕಿವಲ್ಲ" ಎಂದಳು. ಇಷ್ಟು ವರ್ಷದ ಮೇಲೆ ಅದು ಅವಳಿಗೆ ಕಂಡಿತು. ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು.

ಅಪ್ಪ ಮಂಚದ ತುದಿಗೆ ಕೂತ. ಫೋಟೋವನ್ನು ಅವಳ ಕೈಯಿಂದ ತೆಗೆದು ಬದಿಗಿಟ್ಟ.

"ಕೇಳಿಲ್ಲೆ, ಗಿರಿಜಾನ ಅವ್ವಾ."

ಆ ಹೆಸರು ಕೇಳಿ ಎಷ್ಟು ವರ್ಷವಾಗಿತ್ತು! ಅವ್ವ ತಿರುಗಿ ನೋಡಿದಳು.

"ಆಕಿ ಹಣಿ ಸಣ್ಣದು, ನಿನ್ನಂಗ. ಎಡಗಡೆ ಹುಬ್ಬಿನ್ಯಾಗ ಒಂದು ಸುಳಿ ಇತ್ತು, ಅಲ್ಲಿ ಕೂದಲಾ ಮ್ಯಾಲಕ ನಿಂತಿರ್ತಿದ್ವು, ನೀ ಎಣ್ಣಿ ಹಚ್ಚಿ ಕುಂದ್ರಸ್ತಿದ್ದಿ. ಕೆಳಗಿನ ಹಲ್ಲು ಒಂದರ ಮ್ಯಾಲೊಂದು ಏರಿದ್ವು. ಕಿವಿ ಚುಚ್ಚಿಸಿದಾಗ ಬಲಗಿವಿ ತೂತು ತುಸು ಕೆಳಗ ಬಿತ್ತು, ಪತ್ತಾರನ್ನ ನೀ ಹೆಂಗ ಬೈದಿ! ಗಲ್ಲದ ಮ್ಯಾಲ ಗಾದಿ ಗೆರಿ ಮೂಡಿರ್ತಿತ್ತು ಮುಂಜಾನಿ ಎದ್ದಾಗ. ಕಣ್ಣು ಸಣ್ಣವು. ಭಾಳ ಸಣ್ಣವು. ನಕ್ರ ಮುಚ್ಚೇ ಬಿಡ್ತಿದ್ವು."

ಅಪ್ಪ ನಿಲ್ಲಿಸಲಿಲ್ಲ. ಬಾಯಿ ಬಿಡದೆ ವರ್ಷಗಟ್ಟಲೆ ಇಟ್ಟುಕೊಂಡಿದ್ದದ್ದನ್ನೆಲ್ಲ ಹೇಳುತ್ತಾ ಹೋದ. ಮೂರು ಅಂಕಿ ಮರೆತ ಮನುಷ್ಯ ಮಗಳ ಒಂದು ಕೂದಲನ್ನೂ ಮರೆತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಅತ್ತೆ. ಅವನ ಮೇಲೆ ಅಷ್ಟು ವರ್ಷ ಸಿಟ್ಟು ಹಿಡಿದಿದ್ದೆನಲ್ಲ, ಅದು ಹೋದ ಜಾಗದಲ್ಲಿ ಏನು ಇಟ್ಟುಕೊಳ್ಳಬೇಕು ಎಂದು ತಿಳಿಯಲಿಲ್ಲ. ಅವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನಡುವೆ ಒಮ್ಮೆ ಅವಳ ತುಟಿ ಅಲುಗಿತು.

"ಹೌದ್ರಿ... ಬಂತು. ಮಕಾ ಬಂತು."

ಆ ತಿಂಗಳು ತುಂಬುವುದರೊಳಗೆ ಅವ್ವ ಹೋದಳು. ಗೋಡೆಗೆ ಒರಗಿಸಿ ಕೂರಿಸಿದೆವು. ಅವಳಿಗೆ ದಿಂಬು ಬೇಕಾಗಲಿಲ್ಲ. ಅವಳದೂ ಬೇರೆ ಫೋಟೋ ಇರಲಿಲ್ಲ, ಮತ್ತೆ ಅದೇ ತಪ್ಪು ಮಾಡಿದ್ದೆವು. ಕುಷ್ಟಗಿಯ ಸ್ಟುಡಿಯೋದವನು ಬಂದ. ತೆಗೆದಾದ ಮೇಲೆ ಅಪ್ಪನ ಹತ್ತಿರ ಬಂದು, ಮೆಲ್ಲಗೆ, "ಕಣ್ಣು ತೆರಸಲೇನ್ರಿ? ಗ್ವಾಡಿಗೆ ಹಾಕಾಕ ಛಲೋ ಕಾಣತೈತಿ" ಎಂದು ಕೇಳಿದ.

"ಬ್ಯಾಡಪ್ಪಾ" ಎಂದ ಅಪ್ಪ. "ಮುಚ್ಚೇ ಇರ್ಲಿ. ಮುಚ್ಚಿದಾಗನ ಆಕಿಗೆ ಕಂಡೈತಿ."

ಆಮೇಲೆ ಅಪ್ಪ ಯಾವುದಕ್ಕೂ ಬೀಗ ಹಾಕಲಿಲ್ಲ. ಬಾಗಿಲಿಗೆ ಬರೀ ಚಿಲಕ. ಸೈಕಲ್ಲು ಒಂದು ದಿನ ಕಳವಾಯಿತು, "ಹೋಗ್ಲಿ ಬಿಡು" ಎಂದ. ಅವ್ವನ ಸೊಂಟದ ಕೀಲಿಕೈ ಗೊಂಚಲು ಮೊಳೆಗೆ ಜೋತುಬಿದ್ದಿತ್ತು, ಗಾಳಿ ಬಂದರೆ ಸಪ್ಪಳ ಮಾಡುತ್ತಿತ್ತು. ಅಪ್ಪ ಹೋಗಿಯೂ ಈಗ ಬಹಳ ವರ್ಷವಾಯಿತು. ಅವನ ಮುಚ್ಚಿದ ಕಣ್ಣಿನ ಫೋಟೋವೂ ನನ್ನ ಹತ್ತಿರ ಇದೆ.

ಈಗ ಈ ಕರಿಯ ಡಬ್ಬಿಯೊಳಗೆ ಮೂವರೂ ಇದ್ದಾರೆ. ಕಣ್ಣು ಮುಚ್ಚಿದ ಎರಡು ಮುಖ, ಮುಖ ಇಲ್ಲದ ಎರಡು ಕಣ್ಣು. ತೆರೆಯ ಮೇಲೆ ಆ ಪ್ರಶ್ನೆ ಇನ್ನೂ ಹಾಗೇ ನಿಂತಿತ್ತು. ಮರೆತರೆ ಯಾರೂ ತೆರೆಯಲಾರರು, ಮುಂದುವರಿಯುವುದೇ? ಸುಧಾ ಹೇಳಿದ್ದು ತಪ್ಪೇನಲ್ಲ. ಅಜ್ಜಿ ಅಂದು ಹೇಳಿದ್ದೂ ತಪ್ಪಾಗಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಮಗಳ ಸಂಕಟ ನೋಡಲಾರದೆ ಹೇಳಿದವರು. ನಾನು ಬೇಡ ಎಂಬುದನ್ನು ಒತ್ತಿ ಕಂಪ್ಯೂಟರು ಮುಚ್ಚಿದೆ.

ಸಂಜೆ ಸುಧಾ ಬಂದು "ಕೀಲಿ ಹಾಕಿದೇನವ್ವಾ?" ಎಂದು ಕೇಳಿದಳು. ಇಲ್ಲ ಎಂದೆ. "ಮತ್ತ ಹುಡುಗಿ ಹೆದರತಾಳಲ್ಲ?"

"ಹೆದರ್ಲಿ" ಎಂದೆ. "ಹೆದರಿದಾಕಿ ನಾಳೆ ಬಂದು ಇದು ಯಾರಂತ ಕೇಳ್ತಾಳ. ಕೇಳಿದ್ರ ಹೇಳಾಕ ನಾ ಇನ್ನೂ ಅದೀನಿ."